ಎಚ್.ಎಂ. ಆದ ಮೇಲೂ ಎಂಟನೇ ತರಗತಿಯ ಪೀರಿಯಡ್ ಬಿಡಬೇಡಿ

ಪ್ರಶ್ನೆ: ಸರ್, 18 ವರ್ಷ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಟ್ಟೆ. ಈ ಜೂನ್‌ನಲ್ಲಿ ಬಡ್ತಿ ಸಿಕ್ಕಿ ರಾಯಚೂರು ಜಿಲ್ಲೆಯ ಒಂದು ಹಳ್ಳಿಗೆ ಮುಖ್ಯ ಶಿಕ್ಷಕಿಯಾಗಿ ಬಂದಿದ್ದೇನೆ. 230 ಮಕ್ಕಳು, ಒಂಬತ್ತು ಜನ ಶಿಕ್ಷಕರು, ಅದರಲ್ಲಿ ಮೂವರು ಅತಿಥಿ ಶಿಕ್ಷಕರು. ನಾನು ಬರುವವರೆಗೆ ಪ್ರಭಾರ ಎಚ್.ಎಂ. ಆಗಿದ್ದವರು ನನಗಿಂತ ಹಿರಿಯರು. ಈಗ ಅವರು ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶ ಕುಸಿದಿದೆ, ಮೇಲಿನವರು ಕ್ರಿಯಾಯೋಜನೆ ಕೇಳುತ್ತಿದ್ದಾರೆ. ದಿನವೆಲ್ಲ ಬಿಲ್ಲು, ಆನ್‌ಲೈನ್ ಎಂಟ್ರಿ, ಮೊಟ್ಟೆ ಲೆಕ್ಕ. ಚಾಕ್‌ಪೀಸ್ ಹಿಡಿದು ಮೂರು ತಿಂಗಳಾಯ್ತು. ಬಡ್ತಿ ಒಪ್ಪಿಕೊಂಡಿದ್ದೇ ತಪ್ಪಾಯ್ತಾ? ಈ ಶಾಲೆಯನ್ನು ಮುನ್ನಡೆಸೋದು ಹೇಗೆ?

ಉತ್ತರ: ಮೇಡಂ, ನಿಮ್ಮ ಪತ್ರದಲ್ಲಿ ನನಗೆ ಚುಚ್ಚಿದ್ದು ಒಂದೇ ಸಾಲು. ಚಾಕ್‌ಪೀಸ್ ಹಿಡಿದು ಮೂರು ತಿಂಗಳಾಯ್ತು ಅಂದಿದ್ದೀರಲ್ಲ, ಅದು. ಬಿಲ್ಲು, ಮೊಟ್ಟೆ, ಮುನಿಸಿಕೊಂಡಿರುವ ಹಿರಿಯರು, ಎಲ್ಲದರ ಬಗ್ಗೆಯೂ ಹೇಳುತ್ತೇನೆ. ಅದಕ್ಕೂ ಮೊದಲು ನಾಳೆ ಒಂದು ಚಾಕ್‌ಪೀಸ್ ತಗೊಂಡು ಎಂಟನೇ ತರಗತಿಗೆ ಹೋಗಿ.

ಹತ್ತನೇ ತರಗತಿಗೆ ಅಲ್ಲ. ಹೊಸದಾಗಿ ಎಚ್.ಎಂ. ಆದವರೆಲ್ಲ ಹತ್ತನೇ ತರಗತಿಗೇ ಓಡುತ್ತಾರೆ. ನಾನೂ ಹಾಗೇ ಓಡಿದವನು. 19 ವರ್ಷ ವಿಜ್ಞಾನ ಶಿಕ್ಷಕನಾಗಿದ್ದು ಆಮೇಲೆ 13 ವರ್ಷ ಮುಖ್ಯ ಶಿಕ್ಷಕನಾಗಿದ್ದೆ. ಮೊದಲ ಮೂರು ವರ್ಷ ನನ್ನ ಶಕ್ತಿಯೆಲ್ಲ ಹತ್ತನೇ ತರಗತಿಯ ವಿಶೇಷ ತರಗತಿ, ಪಾಸಾಗುವಷ್ಟು ಮಾತ್ರ ಓದಿಸುವ ಪಾಸಿಂಗ್ ಪ್ಯಾಕೇಜ್, ರಾತ್ರಿ ಓದು ಇದರಲ್ಲೇ ಹೋಯಿತು. ಫಲಿತಾಂಶ ಒಂದು ವರ್ಷ ಏರಿತು, ಮರುವರ್ಷ ಬಿತ್ತು. ಯಾಕೆ ಏರಿತು, ಯಾಕೆ ಬಿತ್ತು ಅಂತ ಕೇಳಿದರೆ ನನ್ನ ಹತ್ತಿರ ಉತ್ತರವೇ ಇರಲಿಲ್ಲ. ಉತ್ತರ ಸಿಕ್ಕಿದ್ದು ಎಂಟನೇ ತರಗತಿಯಲ್ಲಿ.

ನಮ್ಮಲ್ಲಿ ಪ್ರೌಢಶಾಲೆ ಅಂದರೆ ಮೂರೇ ವರ್ಷ ಅಲ್ವಾ? ಐದಾರು ಊರುಗಳ ಪ್ರಾಥಮಿಕ ಶಾಲೆಗಳಿಂದ ಏಳನೇ ತರಗತಿ ಮುಗಿಸಿ ಮಕ್ಕಳು ಬರುತ್ತಾರೆ. ಒಂದು ಊರಿನಲ್ಲಿ ಗಣಿತಕ್ಕೆ ಮೇಷ್ಟ್ರೇ ಇರಲಿಲ್ಲ. ಇನ್ನೊಂದು ಊರಿನಲ್ಲಿ ಇಬ್ಬರೇ ಸೇರಿ ಏಳು ತರಗತಿ ನೋಡಿಕೊಂಡಿರುತ್ತಾರೆ. ಜೂನ್‌ನಲ್ಲಿ ಸೇತುಬಂಧ, ಅಂದರೆ ಹಿಂದಿನ ತರಗತಿಗಳ ಕಲಿಕೆಯನ್ನು ಸರಿದೂಗಿಸುವ ಪಾಠ ಮಾಡುತ್ತೇವೆ. ಪೂರ್ವ ಪರೀಕ್ಷೆ, ಸಾಫಲ್ಯ ಪರೀಕ್ಷೆ ಅಂತ ಎರಡು ಕಾಗದ ಫೈಲಿಗೆ ಹೋಗುತ್ತವೆ. ಜುಲೈನಲ್ಲಿ ಪಾಠ ಶುರು. ಓದಲು ಬಾರದ ಮಗು ಅಲ್ಲೇ ಉಳಿಯುತ್ತದೆ. ಒಂಬತ್ತನೇ ತರಗತಿ ಹೊತ್ತಿಗೆ ಬೋರ್ಡ್ ನೋಡಿ ಬರೆದುಕೊಳ್ಳೋದನ್ನು ಚೆನ್ನಾಗಿ ಕಲಿತಿರುತ್ತದೆ. ನೋಟ್ಸ್ ಅಂದವಾಗಿರುತ್ತದೆ, ನಾವು ಕೆಂಪು ಶಾಯಿಯಲ್ಲಿ ಸಹಿ ಹಾಕುತ್ತೇವೆ. ಹತ್ತನೇ ತರಗತಿಯ ನವೆಂಬರ್‌ನಲ್ಲಿ ನಮಗೆ ಎಚ್ಚರವಾಗುತ್ತದೆ. ಅಷ್ಟೊತ್ತಿಗೆ ಪರೀಕ್ಷೆಗೆ ನಾಲ್ಕು ತಿಂಗಳು ಉಳಿದಿರುತ್ತದೆ.

ನೀವು ಗಣಿತದವರು, ಆದ್ದರಿಂದ ಗಣಿತದಲ್ಲೇ ಹೇಳುತ್ತೇನೆ. ಎಂಟನೇ ತರಗತಿಗೆ ಹೋಗಿ ಬೋರ್ಡ್ ಮೇಲೆ 408 ÷ 4 ಅಂತ ಬರೆಯಿರಿ. ಏನೂ ವಿವರಿಸಬೇಡಿ. ಮಾಡಿ ತೋರಿಸಿ ಅಂತ ಮಾತ್ರ ಹೇಳಿ ಬೆಂಚುಗಳ ನಡುವೆ ಓಡಾಡಿ. ಅರ್ಧಕ್ಕರ್ಧ ಮಕ್ಕಳು 12 ಅಂತ ಬರೆದಿರುತ್ತಾರೆ. ನಾಲ್ಕರಲ್ಲಿ ನಾಲ್ಕು ಒಂದು ಸಲ, ಸೊನ್ನೆ ಸುಮ್ನೆ ಇದೆ ಬಿಡು, ಎಂಟರಲ್ಲಿ ನಾಲ್ಕು ಎರಡು ಸಲ. ಮುಗೀತು. ಕೆಲವರು ಪಕ್ಕದವರ ಪುಸ್ತಕ ನೋಡುತ್ತಿರುತ್ತಾರೆ. ಒಬ್ಬಳು ಪೆನ್ಸಿಲ್ ಹಿಡಿದು ಅಂಕಿಗಳನ್ನು ದಪ್ಪ ಮಾಡುತ್ತಾ ಕೂತಿರುತ್ತಾಳೆ, ಲೆಕ್ಕ ಮಾಡುತ್ತಿರೋದಿಲ್ಲ. ಅವಳು ಮಾಡುತ್ತಿರೋದು ನಿಮ್ಮ ಕಣ್ಣು ತಪ್ಪಿಸುವ ಕೆಲಸ. ಏಳು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದಿದ್ದಾಳೆ. ಆ ಮಗು ವರ್ಗಸಮೀಕರಣ ಹೇಗೆ ಬಿಡಿಸಬೇಕು? ತಪ್ಪು ಅವಳದಲ್ಲ. ಅವಳ ಪಕ್ಕ ಯಾರೂ ಎರಡು ನಿಮಿಷ ಕೂತಿಲ್ಲ, ಅಷ್ಟೇ.

ಈಗ ಫಲಿತಾಂಶದ ಮಾತು. ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಶುರು ಮಾಡಿದ್ದು 2024ರಲ್ಲಿ. 2023ರಲ್ಲಿ ರಾಜ್ಯದ ಫಲಿತಾಂಶ ಶೇ 83.89 ಇತ್ತು. 2024ರಲ್ಲಿ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಜಾಸ್ತಿ ಮಾಡಿದ ಮೇಲೆ. ಒಂದೇ ವರ್ಷದಲ್ಲಿ ಮಕ್ಕಳು ದಡ್ಡರಾಗಲಿಲ್ಲ, ಮೇಷ್ಟ್ರುಗಳು ಸೋಮಾರಿಗಳಾಗಲಿಲ್ಲ. ಮೊದಲೂ ಪರಿಸ್ಥಿತಿ ಹೀಗೇ ಇತ್ತು, ಈಗ ಕಾಣಿಸಿತು. ಕ್ಯಾಮೆರಾವನ್ನು ಬೈಯುವ ಸಹೋದ್ಯೋಗಿಗಳು ನಿಮಗೆ ಬೇಕಾದಷ್ಟು ಜನ ಸಿಗುತ್ತಾರೆ. ನೀವು ಅವರ ಜೊತೆ ಸೇರಬೇಡಿ. ನನಗೆ ಕೇಳಿದರೆ, ಅದು ಬಂದಿದ್ದು ಒಳ್ಳೆಯದೇ ಆಯಿತು. ಎಂಟನೇ ತರಗತಿಯ 408ರ ಲೆಕ್ಕವನ್ನು ಇನ್ನು ಯಾರೂ ಮುಚ್ಚಿಡುವ ಹಾಗಿಲ್ಲ.

ಹಾಗಾದರೆ ಈ ವರ್ಷದ ಹತ್ತನೇ ತರಗತಿ ಮಕ್ಕಳ ಗತಿ? ಅವರನ್ನು ಬಿಟ್ಟುಬಿಡಿ ಅನ್ನುತ್ತಿಲ್ಲ. ಅವರಿಗೆ ವಿಷಯ ಶಿಕ್ಷಕರಿದ್ದಾರೆ, ವಿಶೇಷ ತರಗತಿ ನಡೆಯುತ್ತವೆ, ಇಲಾಖೆಯೂ ವಾರಕ್ಕೊಮ್ಮೆ ಕೇಳುತ್ತಲೇ ಇರುತ್ತದೆ. ಅಲ್ಲಿ ನೀವು ನೋಡಬೇಕಾದ್ದು ಎರಡು ವಿಷಯ. ಒಂದು, ಹಾಜರಾತಿ. ಅದರ ಬಗ್ಗೆ ಮುಂದೆ ಹೇಳುತ್ತೇನೆ. ಇನ್ನೊಂದು, ಫಲಿತಾಂಶದ ದಿನ. ಈಗ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯುವ ಅವಕಾಶ ಇದೆ. ಫಲಿತಾಂಶ ಬಂದ ದಿನ ನಾವು ಶಾಲೆಗೆ ಮೊದಲ ಸ್ಥಾನ ಪಡೆದವರಿಗೆ ಸಿಹಿ ತಿನ್ನಿಸಿ ಫೋಟೊ ತೆಗೆಯುತ್ತೇವೆ. ತೆಗೀರಿ. ಆದರೆ ಅವತ್ತೇ ಸಾಯಂಕಾಲದೊಳಗೆ ಫೇಲಾದ ಪ್ರತಿ ಮಗುವಿಗೂ ಫೋನ್ ಹೋಗಬೇಕು. ನೀವೇ ಮಾಡಬೇಕು, ಗುಮಾಸ್ತರ ಕೈಲಿ ಮಾಡಿಸಬೇಡಿ. "ಇನ್ನೂ ಅವಕಾಶ ಇದೆ ಮಗಾ, ನಾಡಿದ್ದು ಶಾಲೆಗೆ ಬಾ, ನಾನೇ ಅರ್ಜಿ ತುಂಬಿಸ್ತೀನಿ" ಅನ್ನಿ. ಆ ಮಗು ಅವತ್ತು ಯಾವ ಸ್ಥಿತಿಯಲ್ಲಿ ಇರುತ್ತದೆ ಅಂತ ನಮಗೆ ಗೊತ್ತಿರೋದಿಲ್ಲ. ಹೆಣ್ಣುಮಗುವಾದರೆ ಮನೆಯಲ್ಲಿ ಆಗಲೇ ಗಂಡು ನೋಡುವ ಮಾತು ಎದ್ದಿರುತ್ತದೆ. ನಿಮ್ಮ ಒಂದು ಫೋನಿನಿಂದ ಆ ಮಾತು ಎರಡು ತಿಂಗಳು ಮುಂದಕ್ಕೆ ಹೋಗಬಹುದು. ಎರಡು ತಿಂಗಳು ಸಾಕು.

ಎಂಟನೇ ತರಗತಿಗೆ ವಾಪಸ್ ಬರುತ್ತೇನೆ. ವಾರದಲ್ಲಿ ನಾಲ್ಕು ಪೀರಿಯಡ್ ನಿಮ್ಮ ಹೆಸರಿಗೆ ಬರೆದುಕೊಳ್ಳಿ. ಬೆಳಿಗ್ಗೆ ಪ್ರಾರ್ಥನೆ ಮುಗಿದ ಕೂಡಲೇ ಬರುವ ಮೊದಲ ಪೀರಿಯಡ್ಡೇ ಇರಲಿ, ಯಾಕಂದರೆ ಆ ಹೊತ್ತಿಗೆ ಕಚೇರಿಯಿಂದ ಫೋನ್ ಬರೋದು ಕಡಿಮೆ. ನಿಮ್ಮ ಶಾಲೆಯ ಗಣಿತ ಶಿಕ್ಷಕರನ್ನು ಮೊದಲು ಕೂರಿಸಿಕೊಂಡು ಮಾತಾಡಿ. "ನಿಮ್ಮ ಪಾಠ ಸರಿಯಿಲ್ಲ ಅಂತ ಬರ್ತಿಲ್ಲ, ನನಗೆ ಪಾಠ ಮಾಡದೆ ಇರೋಕೆ ಆಗ್ತಿಲ್ಲ" ಅಂತ ಇದ್ದದ್ದನ್ನೇ ಹೇಳಿ. ನಿಮ್ಮ ವಿಷಯದಲ್ಲಿ ಅದು ನಿಜವೇ ತಾನೆ? ಪಠ್ಯಪುಸ್ತಕದ ಪಾಠ ಅವರೇ ಮಾಡಲಿ. ನೀವು ಭಾಗಾಕಾರ, ಭಿನ್ನರಾಶಿ, ದಶಮಾಂಶ ಮಾಡಿ. ಅದರ ಜೊತೆಗೆ ಒಂದು ಪುಟ ಕನ್ನಡವನ್ನು ಗಟ್ಟಿಯಾಗಿ ಓದಿಸಿ. ಗಣಿತದ ಲಿಖಿತ ಸಮಸ್ಯೆ ಓದಲು ಬಾರದೆ ತಪ್ಪು ಮಾಡುವ ಮಕ್ಕಳೇ ಜಾಸ್ತಿ ಅನ್ನೋದು ನಿಮಗೆ ಗೊತ್ತೇ ಇದೆ.

ಇದರಿಂದ ಏನೇನು ಆಗುತ್ತದೆ ನೋಡಿ. ಎಂಟನೇ ತರಗತಿ ಮಕ್ಕಳ ಹೆಸರು ನಿಮಗೆ ಬಾಯಿಗೆ ಬರುತ್ತದೆ. ಅವರು ಹತ್ತಕ್ಕೆ ಬರುವ ಹೊತ್ತಿಗೆ ಪ್ರತಿ ಮನೆಯ ಕಥೆ ಗೊತ್ತಿರುತ್ತದೆ. ಚಾಕ್ ಪುಡಿ ಮೆತ್ತಿದ ಸೀರೆಯಲ್ಲಿ ಸಿಬ್ಬಂದಿ ಕೊಠಡಿಗೆ ಬಂದು ಕೂತಾಗ ಶಿಕ್ಷಕರು ನಿಮ್ಮನ್ನು ನೋಡುವ ರೀತಿಯೇ ಬೇರೆಯಾಗುತ್ತದೆ. ಪಾಠ ಮಾಡದ ಎಚ್.ಎಂ. ಪಾಠದ ಬಗ್ಗೆ ಹೇಳಿದರೆ ಯಾರಿಗೂ ನಾಟುವುದಿಲ್ಲ. "ನನಗೂ ನಿನ್ನೆ ಆ ಹಿಂದಿನ ಬೆಂಚಿನ ಹುಡುಗ ಅರ್ಥ ಮಾಡಿಕೊಳ್ಳಲಿಲ್ಲ, ನೀವು ಏನು ಮಾಡ್ತೀರಿ?" ಅಂತ ನೀವು ಕೇಳಿದರೆ ಅವರೂ ಬಾಯಿ ಬಿಡುತ್ತಾರೆ. ಎಷ್ಟೋ ಶಾಲೆಗಳಲ್ಲಿ ಶಿಕ್ಷಕರು ಒಬ್ಬರಿಗೊಬ್ಬರು ಪಾಠದ ವಿಷಯ ಮಾತಾಡೋದೇ ಇಲ್ಲ. ತುಟ್ಟಿಭತ್ಯೆ, ವರ್ಗಾವಣೆ ಕೌನ್ಸೆಲಿಂಗ್, ಪಿಂಚಣಿ, ಇಷ್ಟೇ ಮಾತು. ಅದೂ ಬೇಕು, ಬದುಕಿನ ಮಾತು ಅದು. ಆದರೆ ಪಾಠದ ಮಾತು ಶುರು ಮಾಡುವವರು ನೀವೇ ಆಗಬೇಕು.

ಬೇರೆಯವರ ತರಗತಿಗೆ ಪಾಠ ವೀಕ್ಷಣೆಗೆ ಹೋಗುವಾಗ ಕೈಯಲ್ಲಿ ರಿಜಿಸ್ಟರ್ ಹಿಡಿಯಬೇಡಿ. ಹಿಂದಿನ ಬೆಂಚಿನಲ್ಲಿ ಮಕ್ಕಳ ಪಕ್ಕ ಕೂತುಕೊಳ್ಳಿ. ಶಿಕ್ಷಕರನ್ನು ನೋಡಬೇಡಿ, ಪಕ್ಕದ ಮಗುವಿನ ಪುಸ್ತಕ ನೋಡಿ. ಹೊರಗೆ ಬಂದ ಮೇಲೆ ಒಬ್ಬರೇ ಇದ್ದಾಗ ಒಂದೇ ಒಂದು ವಿಷಯ ಹೇಳಿ, ಹತ್ತು ಬೇಡ. ಮಕ್ಕಳ ಎದುರಿಗೆ ಶಿಕ್ಷಕರನ್ನು ತಿದ್ದಬೇಡಿ, ಯಾವತ್ತೂ.

ಇನ್ನು ಆ ಹಿರಿಯರ ವಿಷಯ. ಮನೆ ಗೆದ್ದು ಮಾರು ಗೆಲ್ಲು ಅಂತಾರಲ್ಲ, ಎಚ್.ಎಂ.ಗೆ ಮನೆ ಅಂದರೆ ಸಿಬ್ಬಂದಿ ಕೊಠಡಿ. ಅವರ ಜಾಗದಲ್ಲಿ ನಿಂತು ಸ್ವಲ್ಪ ಯೋಚಿಸಿ. ಪ್ರಭಾರ ಅನ್ನೋದು ಬಹಳ ಕಷ್ಟದ ಕೆಲಸ. ಪಾಠವನ್ನೂ ಮಾಡಬೇಕು, ಕಚೇರಿಯನ್ನೂ ನೋಡಬೇಕು, ಮೇಲಿನವರ ಬೈಗುಳವನ್ನೂ ಕೇಳಬೇಕು. ಅಷ್ಟೆಲ್ಲ ಮಾಡಿದ ಮೇಲೆ ಒಂದು ದಿನ ಯಾರೋ ಆದೇಶ ಹಿಡಿದು ಬರುತ್ತಾರೆ, ಕುರ್ಚಿ ಬಿಡಬೇಕು. ಯಾರೂ ಅವರಿಗೆ ಒಂದು ಧನ್ಯವಾದ ಹೇಳಿರೋದಿಲ್ಲ. ನೀವು ಹೇಳಿ. ಸಿಬ್ಬಂದಿ ಸಭೆಯಲ್ಲಿ, ಎಲ್ಲರ ಎದುರಿಗೆ, ಅವರ ಹೆಸರು ಹಿಡಿದು, ಅವರು ಮಾಡಿಸಿದ ಒಂದು ಕೆಲಸವನ್ನು ಗುರುತಿಸಿ ಹೇಳಿ. ಕಾಂಪೌಂಡ್ ಇರಬಹುದು, ನೀರಿನ ಟ್ಯಾಂಕ್ ಇರಬಹುದು, ಹುಡುಕಿದರೆ ಏನಾದರೂ ಸಿಕ್ಕೇ ಸಿಗುತ್ತದೆ. ಆಮೇಲೆ ಅವರ ಹತ್ತಿರವೇ ಹೋಗಿ, "ಸರ್, ಈ ಊರು ನಿಮಗೆ ಗೊತ್ತು, ನನಗೆ ಗೊತ್ತಿಲ್ಲ. ಮಕ್ಕಳ ಮನೆಗಳಿಗೆ ಹೋಗಬೇಕು, ನನ್ನ ಜೊತೆ ಬರ್ತೀರಾ?" ಅಂತ ಕೇಳಿ. ಇದನ್ನು ತಂತ್ರ ಅಂತ ಮಾಡಬೇಡಿ. ಅವರಿಲ್ಲದೆ ನಿಮಗೆ ನಿಜವಾಗಿಯೂ ಆಗುವುದಿಲ್ಲ.

ಒಂದು ಕಡೆ ಮಾತ್ರ ಸಲಿಗೆ ಬೇಡ. ಅಧಿಕಾರ ವಹಿಸಿಕೊಡುವಾಗ ಮಾಡುವ ಚಾರ್ಜ್ ಪಟ್ಟಿ ಸರಿಯಾಗಿ ಆಗಿಲ್ಲದಿದ್ದರೆ ಈಗಲಾದರೂ ಮಾಡಿಸಿ. ನಗದು ಪುಸ್ತಕದ ಉಳಿಕೆ, ಬ್ಯಾಂಕ್ ಪಾಸ್‌ಬುಕ್, ದಾಸ್ತಾನು ವಹಿ, ಲ್ಯಾಪ್‌ಟಾಪ್, ಪ್ರಯೋಗಾಲಯದ ಸಾಮಾನು, ಎಲ್ಲರ ಸೇವಾ ಪುಸ್ತಕ, ದಾಖಲಾತಿ ರಿಜಿಸ್ಟರ್. ಒಂದೊಂದನ್ನೂ ಕಣ್ಣಾರೆ ನೋಡಿ, ಇಬ್ಬರೂ ಸಹಿ ಹಾಕಿ. ಅವರು ಬೇಜಾರು ಮಾಡಿಕೊಂಡರೂ ಪರವಾಗಿಲ್ಲ. ಇದು ಅವರಿಗೂ ರಕ್ಷಣೆ ಅಂತ ಸಮಾಧಾನವಾಗಿ ಹೇಳಿ.

ಇಷ್ಟು ಒತ್ತಿ ಹೇಳೋದಕ್ಕೆ ಕಾರಣ ಇದೆ. ಸರ್ಕಾರಿ ಪ್ರೌಢಶಾಲೆಯ ಎಚ್.ಎಂ. ಗ್ರೂಪ್ ಬಿ ಅಧಿಕಾರಿ. ಶಾಲೆಯ ಡಿಡಿಒ, ಅಂದರೆ ಹಣ ಸೆಳೆದು ಬಟವಾಡೆ ಮಾಡುವ ಅಧಿಕಾರಿ ಕೂಡ ನೀವೇ. ಎಚ್‌ಆರ್‌ಎಂಎಸ್‌ನಲ್ಲಿ ಸಂಬಳದ ಬಿಲ್, ಖಜಾನೆ-2ರಲ್ಲಿ ಬೇರೆ ಬಿಲ್, ಈ ಎರಡೂ ಸರ್ಕಾರಿ ತಂತ್ರಾಂಶಗಳಲ್ಲಿ ಎಲ್ಲಕ್ಕೂ ನಿಮ್ಮ ಸಹಿ. ಶಿಕ್ಷಕರಾಗಿ 18 ವರ್ಷ ಇದರ ತರಬೇತಿ ನಮಗೆ ಯಾರೂ ಕೊಟ್ಟಿರೋದಿಲ್ಲ. ಎಚ್.ಎಂ. ಆದ ಎರಡನೇ ವರ್ಷ ನಾನು ಗುಮಾಸ್ತರು ತಂದಿಟ್ಟ ನಗದು ಪುಸ್ತಕಕ್ಕೆ ಓದದೆ ಸಹಿ ಹಾಕುತ್ತಿದ್ದೆ. ನಾನು ಪಾಠದವನು, ಇದೆಲ್ಲ ಅವರ ಕೆಲಸ ಅಂದುಕೊಂಡಿದ್ದೆ. ಆಡಿಟ್‌ನವರು ಬಂದರು. ಮಕ್ಕಳಿಂದ ತಗೊಂಡ ಪರೀಕ್ಷಾ ಶುಲ್ಕದಲ್ಲಿ 11,400 ರೂಪಾಯಿಗೆ ಚಲನ್ ಇಲ್ಲ. ಹಣ ಎಲ್ಲಿ ಹೋಯಿತು ಅಂತ ಕೊನೆಗೂ ಸಾಬೀತಾಗಲಿಲ್ಲ. ಸಹಿ ನನ್ನದು, ನಾನೇ ಕಟ್ಟಿದೆ. ಹಣಕ್ಕಿಂತ ಜಾಸ್ತಿ ನೋವಾಗಿದ್ದು, ಊರಿನಲ್ಲಿ ನಾಲ್ಕು ಜನ ಅದನ್ನು ಬೇರೆ ರೀತಿ ಮಾತಾಡಿಕೊಂಡಿದ್ದು. ಅವತ್ತಿನಿಂದ ದಿನಾ ಸಾಯಂಕಾಲ ನಾಲ್ಕಕ್ಕೆ ಹತ್ತು ನಿಮಿಷ ನಗದು ಪುಸ್ತಕಕ್ಕೆ ಮೀಸಲು. ರಸೀದಿ, ಚಲನ್, ವೋಚರ್, ಮೂರೂ ಪಕ್ಕದಲ್ಲಿ ಇದ್ದರೆ ಮಾತ್ರ ಸಹಿ. ನೀವೂ ಹಾಗೆ ಮಾಡಿ. ಡಿಜಿಟಲ್ ಸಹಿಯ ಕೀ ನಿಮ್ಮ ಪರ್ಸಿನಲ್ಲೇ ಇರಲಿ, ಎಷ್ಟೇ ನಂಬಿಕಸ್ಥರಾದರೂ ಅವರ ಡ್ರಾಯರ್‌ನಲ್ಲಿ ಬೇಡ.

ದಾಖಲಾತಿ ರಿಜಿಸ್ಟರ್ ಬಗ್ಗೆಯೂ ಒಂದು ಮಾತು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಚ್ಚಾಗುವ ಹೆಸರು, ಹುಟ್ಟಿದ ದಿನಾಂಕ ಆ ಮಗುವಿನ ಜೀವನದುದ್ದಕ್ಕೂ ನಡೆಯುತ್ತದೆ. ಕೆಲಸಕ್ಕೆ, ಪಾಸ್‌ಪೋರ್ಟಿಗೆ, ಎಲ್ಲಕ್ಕೂ ಅದೇ ದಾಖಲೆ. ರಿಜಿಸ್ಟರಿನಲ್ಲಿ ಒಂದು, ಇಲಾಖೆಯ ಆನ್‌ಲೈನ್ ದಾಖಲೆಯಾದ ಸ್ಯಾಟ್ಸ್‌ನಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ಇರುವ ಮಕ್ಕಳು ಪ್ರತಿ ಶಾಲೆಯಲ್ಲೂ ಇದ್ದಾರೆ. ನಾಮಿನಲ್ ರೋಲ್, ಅಂದರೆ ಪರೀಕ್ಷೆಗೆ ಕೂರುವವರ ಪಟ್ಟಿ ಕಳಿಸುವ ಮೊದಲು ಹತ್ತನೇ ತರಗತಿಯ ಪ್ರತಿ ಮಗುವನ್ನೂ ಅಪ್ಪ ಅಥವಾ ಅಮ್ಮನ ಜೊತೆ ಕರೆಸಿ, ಹೆಸರು ಗಟ್ಟಿಯಾಗಿ ಓದಿಸಿ, ಸಹಿ ತಗೊಳ್ಳಿ. ಎರಡು ದಿನದ ಕೆಲಸ. ಆಮೇಲೆ ತಿದ್ದುಪಡಿಗೆ ಬೆಂಗಳೂರಿಗೆ ಓಡಾಡುವ ಬಡವರ ಪಾಡು ನಾನು ನೋಡಿದ್ದೇನೆ.

ಮೊಟ್ಟೆ ಲೆಕ್ಕ ಕಿರಿಕಿರಿ ಅಂತ ಬರೆದಿದ್ದೀರಿ. ಕಿರಿಕಿರಿ ನಿಜ. ಸರ್ಕಾರದ ದರಕ್ಕೂ ಅಂಗಡಿ ದರಕ್ಕೂ ಹೊಂದದೆ ಇದ್ದಾಗ ಕೈಯಿಂದ ಹಾಕಿದ ಎಚ್.ಎಂ.ಗಳು ಎಷ್ಟೋ ಜನ ಇದ್ದಾರೆ. ಈ ಕಷ್ಟವನ್ನು ಬರವಣಿಗೆಯಲ್ಲಿ ಮೇಲಕ್ಕೆ ತಿಳಿಸಿ, ಒಳಗೇ ನುಂಗಿಕೊಳ್ಳಬೇಡಿ. ಆದರೆ ಈ ಕೆಲಸವನ್ನು ಕೀಳು ಅಂತ ನೋಡಬೇಡಿ. ಅಕ್ಷರ ದಾಸೋಹ, ಅಂದರೆ ಬಿಸಿಯೂಟ ನಮ್ಮಲ್ಲಿ ಶುರುವಾದದ್ದೇ 2002ರಲ್ಲಿ, ನಿಮ್ಮ ರಾಯಚೂರಿನ ಕಡೆಯ ಜಿಲ್ಲೆಗಳಿಂದ. ಹಾಲು 2013ರಲ್ಲಿ ಬಂತು. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಅಡುಗೆಯವರ ಪಕ್ಕ ಹತ್ತು ನಿಮಿಷ ನಿಂತು ನೋಡಿ. ಯಾವ ಮಗು ಎರಡನೇ ಸಲ ಅನ್ನಕ್ಕೆ ಬರುತ್ತದೆ, ಯಾವುದು ಮೊಟ್ಟೆಯನ್ನು ತಿನ್ನದೆ ತಮ್ಮನಿಗೆ ಅಂತ ಜೇಬಿಗೆ ಹಾಕಿಕೊಳ್ಳುತ್ತದೆ, ಎಲ್ಲ ಕಾಣುತ್ತದೆ. ಯಾವ ಆನ್‌ಲೈನ್ ಎಂಟ್ರಿಯೂ ಇದನ್ನು ನಿಮಗೆ ಹೇಳುವುದಿಲ್ಲ. ಎಂಟ್ರಿಗಳ ವಿಷಯದಲ್ಲಿ ನನ್ನ ಸಲಹೆ ಇಷ್ಟೇ. ಮಧ್ಯಾಹ್ನ ಎರಡರಿಂದ ಮೂರೂವರೆವರೆಗೆ ಒಂದು ಹೊತ್ತು ಇಟ್ಟುಕೊಳ್ಳಿ. ವಾಟ್ಸ್ಆ್ಯಪ್ ಗ್ರೂಪಿನಲ್ಲಿ ತುರ್ತು ಅಂತ ಬರುವ ಹತ್ತರಲ್ಲಿ ಒಂಬತ್ತು ಆ ಹೊತ್ತಿನವರೆಗೆ ಕಾಯುತ್ತವೆ.

ಈಗ ಹಾಜರಾತಿ. ನೀವು ಇರುವ ಕಡೆ ಇದೇ ದೊಡ್ಡ ವಿಷಯ. ದಸರಾ ರಜೆ ಮುಗಿಯುತ್ತಿದ್ದ ಹಾಗೆ ಹತ್ತಿ ಬಿಡಿಸುವ ಕೆಲಸ ಜೋರಾಗುತ್ತದೆ, ಅದಾದ ಮೇಲೆ ಮೆಣಸಿನಕಾಯಿ. ಬೆಳಿಗ್ಗೆ ಟಂಟಂ ಗಾಡಿಗಳಲ್ಲಿ ಕೂಲಿಯವರ ಜೊತೆ ಮಕ್ಕಳೂ ಹೋಗುತ್ತಾರೆ. ಕೆಲವು ಮನೆಯವರು ಬೀಗ ಹಾಕಿ ಗುಳೆ ಹೋಗುತ್ತಾರೆ. ಜನವರಿಯಲ್ಲಿ ಮಗು ವಾಪಸ್ ಬಂದಾಗ ಪಾಠ ಮೂರು ಅಧ್ಯಾಯ ಮುಂದೆ ಹೋಗಿರುತ್ತದೆ. ನಾಚಿಕೆಯಿಂದ ಬರುವುದನ್ನೇ ಬಿಡುತ್ತದೆ. ಎಸ್ಸೆಸ್ಸೆಲ್ಸಿಗೆ ಕೂರಲು ಶೇ 75 ಹಾಜರಾತಿ ಬೇಕು. ರಿಜಿಸ್ಟರಿನಲ್ಲಿ ಸುಮ್ನೆ ಹಾಜರಿ ಹಾಕಿ ಸರಿ ಮಾಡೋಣ ಅನ್ನುವ ಒತ್ತಡ ಬರುತ್ತದೆ. ಬೇಡ. ಅದು ಮಗುವಿಗೆ ಮಾಡುವ ಉಪಕಾರ ಅಂತ ಅನ್ನಿಸಬಹುದು. ನಿಜ ಹೇಳಬೇಕೆಂದರೆ ಮಗು ಕಳೆದುಹೋಗಿದ್ದೇ ಯಾರಿಗೂ ಗೊತ್ತಾಗದ ಹಾಗೆ ಮಾಡುತ್ತದೆ.

ನಾನು ಮಾಡುತ್ತಿದ್ದದ್ದು ಹೀಗೆ. ಎರಡನೇ ಪೀರಿಯಡ್ ಮುಗಿಯೋದರೊಳಗೆ ಪ್ರತಿ ತರಗತಿಯಿಂದ ಗೈರುಹಾಜರಾದವರ ಹೆಸರಿನ ಚೀಟಿ ನನ್ನ ಮೇಜಿಗೆ ಬರುತ್ತಿತ್ತು. ಸಂಖ್ಯೆ ಅಲ್ಲ, ಹೆಸರು. ಎರಡು ದಿನ ಬಾರದಿದ್ದರೆ ಫೋನ್. ಮೂರನೇ ದಿನ ಮನೆಗೆ. ಸಾಯಂಕಾಲ ಐದೂವರೆಗೆ, ಹೊಲದಿಂದ ವಾಪಸ್ ಬರುವ ಹೊತ್ತಿಗೆ. ಬೈಯೋದಕ್ಕೆ ಹೋಗಬಾರದು. ಆ ಮನೆಯಲ್ಲಿ ಸಾಲ ಇರುತ್ತದೆ, ಮುಂಗಡ ತಗೊಂಡಿರುತ್ತಾರೆ. ಕಟ್ಟೆ ಮೇಲೆ ಕೂತು ಚಹಾ ಕುಡಿದು, "ಶನಿವಾರ ಮಧ್ಯಾಹ್ನ, ಭಾನುವಾರ ನಿಮ್ಮ ಜೊತೆ ಬರಲಿ, ಉಳಿದ ದಿನ ನನಗೆ ಕೊಡಿ" ಅಂತ ಕೇಳುತ್ತಿದ್ದೆ. ಮಕ್ಕಳು ಕೂಲಿಗೆ ಹೋಗೋದು ನನಗೆ ಒಪ್ಪಿಗೆ ಇತ್ತು ಅಂತಲ್ಲ. ವಾರಕ್ಕೆ ಆರು ದಿನ ಹೋಗುತ್ತಿದ್ದವಳನ್ನು ಐದು ದಿನ ತರಗತಿಗೆ ತರಲು ಅದೊಂದೇ ದಾರಿ ಕಂಡಿತ್ತು. ಹತ್ತರಲ್ಲಿ ಆರೇಳು ಮನೆಯವರು ಒಪ್ಪುತ್ತಿದ್ದರು. ಒಪ್ಪದವರ ಮನೆಗೆ ಮತ್ತೆ ಹೋಗುತ್ತಿದ್ದೆ. ಮಕ್ಕಳನ್ನು ಕರೆದೊಯ್ಯುವ ಗಾಡಿಯವರ ಹತ್ತಿರವೂ ಮಾತಾಡಿ, ಪಂಚಾಯಿತಿಯ ಪಿಡಿಒ ಅವರನ್ನೂ ಜೊತೆಗೆ ಸೇರಿಸಿಕೊಳ್ಳಿ. ನಿಮ್ಮ ಹಿರಿಯ ಸಹೋದ್ಯೋಗಿ ಈ ಕೆಲಸಕ್ಕೆ ಎಷ್ಟು ಬೇಕಾಗುತ್ತಾರೆ ಅಂತ ಈಗ ಅರ್ಥವಾಯ್ತಲ್ಲ?

ಹೆಣ್ಣುಮಕ್ಕಳು ಬಾರದೆ ಇದ್ದರೆ ಕಾರಣ ಬೇರೆಯೂ ಇರುತ್ತದೆ. ಮೊದಲು ಶೌಚಾಲಯದ ಬೀಗ ನೋಡಿ. ನಾನು ಹೋದ ಒಂದು ಶಾಲೆಯಲ್ಲಿ ಹುಡುಗಿಯರ ಶೌಚಾಲಯದ ಕೀ ಎಚ್.ಎಂ. ಕೊಠಡಿಯ ಮೊಳೆಗೆ ನೇತು ಹಾಕಿತ್ತು. ಹುಡುಗಿ ಬಂದು, ಗಂಡಸರು ಕೂತಿರುವ ಕೊಠಡಿಯಲ್ಲಿ ಕೀ ಕೇಳಬೇಕು. ಯಾರು ಕೇಳುತ್ತಾರೆ? ಬೆಳಿಗ್ಗೆಯಿಂದ ನೀರೇ ಕುಡಿಯದೆ ಕೂರುತ್ತಿದ್ದರು. ತಿಂಗಳಲ್ಲಿ ನಾಲ್ಕು ದಿನ ಬರುತ್ತಲೇ ಇರಲಿಲ್ಲ. ಕೀಯನ್ನು ಒಂಬತ್ತನೇ ತರಗತಿಯ ಇಬ್ಬರು ಹುಡುಗಿಯರ ಕೈಗೆ ಕೊಟ್ಟೆವು, ನಲ್ಲಿ ರಿಪೇರಿ ಮಾಡಿಸಿದೆವು. ಶುಚಿ ಯೋಜನೆಯ ಪ್ಯಾಡ್‌ಗಳು ಯಾರನ್ನೂ ಕೇಳದೆ ಸಿಗುವ ಜಾಗದಲ್ಲಿರಲಿ. ನೀವು ಹೆಣ್ಣುಮಗಳು, ನನಗೆ ಮೂರು ವರ್ಷ ಹಿಡಿದದ್ದು ನಿಮಗೆ ಮೂರು ದಿನದಲ್ಲಿ ಗೊತ್ತಾಗುತ್ತದೆ.

ಇನ್ನೊಂದು ಗಂಭೀರ ವಿಷಯ. ಯಾವುದಾದರೂ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ನಿಮಗೆ ಗೊತ್ತಾದರೆ, ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಇದು 2012ರ ಕಾಯ್ದೆ. ತಮ್ಮ ಕೈಕೆಳಗಿನವರು ಮಾಡಿದ್ದನ್ನು ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಅವರಿಗೇ ಒಂದು ವರ್ಷದವರೆಗೆ ಜೈಲು. ಊರಿನ ಹಿರಿಯರು ಬಂದು "ಮೇಡಂ, ಹುಡುಗಿಯ ಭವಿಷ್ಯ ನೋಡಿ, ಇಲ್ಲೇ ಮುಗಿಸೋಣ" ಅನ್ನುತ್ತಾರೆ. ಒಪ್ಪಬೇಡಿ. ಆ ಒಂದು ಗಳಿಗೆಯಲ್ಲಿ ನೀವು ಯಾರ ಕಡೆ ನಿಂತಿರಿ ಅನ್ನೋದನ್ನು ಶಾಲೆಯ ಪ್ರತಿ ಹುಡುಗಿಯೂ ನೆನಪಿಟ್ಟುಕೊಳ್ಳುತ್ತಾಳೆ. ಬಾಲ್ಯವಿವಾಹದ ಸುಳಿವು ಸಿಕ್ಕರೂ ಹಾಗೇ. ಮಕ್ಕಳ ಸಹಾಯವಾಣಿ 1098 ನಂಬರನ್ನು ಪ್ರತಿ ತರಗತಿಯ ಗೋಡೆ ಮೇಲೆ ದೊಡ್ಡದಾಗಿ ಬರೆಸಿ. ಕಚೇರಿಯ ಗೋಡೆ ಮೇಲೆ ಬರೆಸಿದರೆ ಮಕ್ಕಳಿಗೆ ಕಾಣೋದಿಲ್ಲ.

ಅತಿಥಿ ಶಿಕ್ಷಕರ ಬಗ್ಗೆ ನೀವು ಏನೂ ಕೇಳಿಲ್ಲ, ಆದರೂ ಹೇಳುತ್ತೇನೆ. ಮೂರು ಜನ ಅಂದರೆ ನಿಮ್ಮ ಶಾಲೆಯ ಮೂರನೇ ಒಂದು ಭಾಗದ ಪಾಠ ಅವರ ಕೈಯಲ್ಲಿದೆ. ಅವರ ಗೌರವಧನ ತಡವಾಗಿಯೇ ಬರುತ್ತದೆ. ಮೇಲಿನಿಂದ ಅನುದಾನ ಬಾರದಿದ್ದರೆ ನೀವೇನೂ ಮಾಡಲಾಗದು. ಆದರೆ ಅವರ ಹಾಜರಾತಿ, ಬಿಲ್ಲು ನಿಮ್ಮ ಮೇಜಿನ ಮೇಲೆ ಒಂದು ದಿನವೂ ಕೂರಬಾರದು. ಸಿಬ್ಬಂದಿ ಕೊಠಡಿಯಲ್ಲಿ ಅವರಿಗೆ ಕುರ್ಚಿ ಇದೆಯಾ, ಸಭೆಯಲ್ಲಿ ಅವರ ಮಾತು ಕೇಳುತ್ತಾರಾ, ಅದನ್ನೂ ನೋಡಿ.

ಎಸ್‌ಡಿಎಂಸಿಯವರ, ಅಂದರೆ ಶಾಲಾಭಿವೃದ್ಧಿ ಸಮಿತಿಯವರ ವಿಷಯದಲ್ಲಿ ಜಾಸ್ತಿ ಹೆದರಬೇಡಿ. ಲೆಕ್ಕ ತೆರೆದಿಟ್ಟರೆ ಬಹುತೇಕರು ಜೊತೆಗೆ ನಿಲ್ಲುತ್ತಾರೆ.

ಮೇಲಿನವರು ಕೇಳಿರುವ ಕ್ರಿಯಾಯೋಜನೆಯನ್ನು ಎರಡು ಪುಟದಲ್ಲಿ ಬರೆದುಕೊಡಿ. ಬೇರೆ ಶಾಲೆಯದನ್ನು ನಕಲು ಮಾಡಬೇಡಿ. ಎಂಟನೇ ತರಗತಿಯಲ್ಲಿ ಓದಲು ಬಾರದವರು ಎಷ್ಟು ಜನ, ಭಾಗಾಕಾರ ಬಾರದವರು ಎಷ್ಟು ಜನ, ಹತ್ತನೇ ತರಗತಿಯಲ್ಲಿ ಶೇ 75ಕ್ಕಿಂತ ಕಡಿಮೆ ಹಾಜರಾತಿ ಇರುವವರು ಯಾರ್ಯಾರು ಅಂತ ಇದ್ದದ್ದು ಇದ್ದ ಹಾಗೆ ಬರೆಯಿರಿ. ಶೇ 100 ಫಲಿತಾಂಶ ತರುತ್ತೇವೆ ಅಂತ ಬರೆಯಬೇಡಿ. ಮೊದಲ ಸಲ ಓದಿದವರಿಗೆ ಇಷ್ಟವಾಗದೆ ಇರಬಹುದು. ಎರಡನೇ ವರ್ಷ ಅದೇ ಪಟ್ಟಿ ಪಕ್ಕದಲ್ಲಿಟ್ಟು ತೋರಿಸಿದಾಗ ನಿಮ್ಮ ಮಾತಿಗೆ ತೂಕ ಬರುತ್ತದೆ.

ಕೊನೆಗೆ ನಿಮ್ಮ ಮೊದಲ ಪ್ರಶ್ನೆ, ಬಡ್ತಿ ಒಪ್ಪಿದ್ದು ತಪ್ಪಾಯ್ತಾ ಅಂತ. ನಿಮ್ಮ ಮುಂದೆ ದಾರಿಗಳಿವೆ. ಸೇವಾ ಹಿರಿತನ ಕೂಡಿ ಬಂದರೆ ಬಿಇಒ, ಅಂದರೆ ತಾಲ್ಲೂಕಿನ ಶಿಕ್ಷಣಾಧಿಕಾರಿ ಆಗಬಹುದು. ಶಿಕ್ಷಕರಿಗೆ ತರಬೇತಿ ಕೊಡುವ ಜಿಲ್ಲಾ ಸಂಸ್ಥೆ ಡಯಟ್‌ನಲ್ಲಿ ಉಪನ್ಯಾಸಕಿ, ವಿಷಯ ಪರಿವೀಕ್ಷಕಿ, ಕ್ಷೇತ್ರ ಸಮನ್ವಯಾಧಿಕಾರಿ ಥರದ ಹುದ್ದೆಗಳಿಗೂ ಹೋಗಬಹುದು. ಶಾಲಾ ನಾಯಕತ್ವದ ತರಬೇತಿಗೆ ಅಂತಲೇ ಧಾರವಾಡದಲ್ಲಿ ರಾಜ್ಯದ ಸಂಸ್ಥೆ ಇದೆ, ಸಿಸ್ಲೆಪ್ ಅಂತ. ಕರೆ ಬಂದಾಗ ತಪ್ಪಿಸಬೇಡಿ. ಪಾಠಕ್ಕಿಂತ ಜಾಸ್ತಿ, ಬೇರೆ ಜಿಲ್ಲೆಯ ಎಚ್.ಎಂ.ಗಳ ಜೊತೆ ರಾತ್ರಿ ಊಟದ ಮೇಲೆ ಆಡುವ ಮಾತು ಉಪಯೋಗಕ್ಕೆ ಬರುತ್ತದೆ. ನನಗೂ ಕಚೇರಿಯ ಹುದ್ದೆಗೆ ಹೋಗುವ ಅವಕಾಶ ಎರಡು ಸಲ ಬಂದಿತ್ತು. ಹೋಗಲಿಲ್ಲ. 60 ತುಂಬಿ ನಿವೃತ್ತನಾಗುವವರೆಗೂ ಶಾಲೆಯಲ್ಲೇ ಇದ್ದೆ. ಹೋದವರು ತಪ್ಪು ಮಾಡಿದರು ಅಂತಲ್ಲ. ಒಳ್ಳೆಯ ಬಿಇಒ ಒಂದು ತಾಲ್ಲೂಕನ್ನೇ ಎತ್ತಬಲ್ಲರು. ಆದರೆ ನಿಮಗೆ ಮೂರು ತಿಂಗಳಲ್ಲೇ ಚಾಕ್‌ಪೀಸ್ ನೆನಪಾಗಿದೆ. ನೀವು ಶಾಲೆ ಬಿಟ್ಟು ಹೋಗುವವರಲ್ಲ ಅಂತ ನನಗೆ ಅನ್ನಿಸುತ್ತದೆ. ತಪ್ಪಾಗಿಲ್ಲ ಮೇಡಂ. ಗಣಿತ ಶಿಕ್ಷಕಿಯಾಗಿ ನಿಮ್ಮ ತರಗತಿಯ ಮಕ್ಕಳನ್ನು ಮಾತ್ರ ನೋಡುತ್ತಿದ್ದಿರಿ. ಈಗ ಬಾರದೆ ಇರುವ ಮಗುವಿನ ಮನೆಗೂ ಹೋಗುವ ಅಧಿಕಾರ ನಿಮಗಿದೆ.

ಇನ್ನು ಕೆಲವೇ ವಾರಗಳಲ್ಲಿ ಹತ್ತಿ ಬಿಡಿಸೋದು ಶುರುವಾಗುತ್ತದೆ. ಅಷ್ಟರೊಳಗೆ ಆ ಹಿರಿಯರ ಜೊತೆ ಒಂದು ಸುತ್ತು ಮನೆ ಮನೆ ಓಡಾಡಿ ಬನ್ನಿ. ಸಂಕ್ರಾಂತಿ ಆದ ಮೇಲೆ ಎಂಟನೇ ತರಗತಿಯ ಬೋರ್ಡ್ ಮೇಲೆ ಮತ್ತೆ 408 ÷ 4 ಬರೆಯಿರಿ. ಎಷ್ಟು ಮಕ್ಕಳು 102 ಬರೆದರು ಅಂತ ನನಗೆ ಒಂದು ಸಾಲು ಬರೆದು ತಿಳಿಸಿ. ಕಾಯುತ್ತಿರುತ್ತೇನೆ.